ಸೆಲ್ಫ್ ಮೋಟರ್ ಕೈಕೊಟ್ಟಾಗ: ರಿಪೇರಿಯೋ, ರೀಕಂಡೀಷನ್ನೋ, ಹೊಸದೋ?

ಕಾರಿನ ಸೆಲ್ಫ್, ಅಂದರೆ ಎಂಜಿನ್ ತಿರುಗಿಸಿ ಸ್ಟಾರ್ಟ್ ಮಾಡುವ ಮೋಟರ್, ಹಾಳಾದರೆ ಒಂದೇ ದಿನದಲ್ಲಿ ನಾಲ್ಕು ಸಲಹೆ ಕಿವಿಗೆ ಬೀಳುತ್ತವೆ. ಶೋರೂಮಿನವರು "ಅಸೆಂಬ್ಲಿನೇ ಬದಲಿಸಬೇಕು ಸರ್" ಅಂತಾರೆ. ಬೀದಿ ಕೊನೆಯ ಆಟೋ ಎಲೆಕ್ಟ್ರಿಷಿಯನ್ "ಕಾರ್ಬನ್ ಸವೆದಿದೆ ಅಷ್ಟೇ, ಸಂಜೆ ಬನ್ನಿ" ಅಂತಾರೆ. ಪರಿಚಯದ ಮೆಕ್ಯಾನಿಕ್ ಹತ್ತಿರ ರೀಕಂಡೀಷನ್ ಪೀಸ್, ಅಂದರೆ ಬೇರೆ ಗಾಡಿಯಿಂದ ಬಂದು ಸರಿಪಡಿಸಿಟ್ಟ ಮೋಟರ್, ಇರುತ್ತದೆ, ಹಳೆಯದನ್ನು ಕೊಟ್ಟು ಒಯ್ಯಬಹುದು. ಮನೆಯಲ್ಲಿ ಯಾರಾದರೊಬ್ಬರು "ಗುಜರಿಯಲ್ಲಿ ಒಳ್ಳೇ ಮೋಟರ್ ಸಿಗುತ್ತೆ, ಸುಮ್ಮನೆ ಯಾಕೆ ಖರ್ಚು" ಅಂದೇ ಅನ್ನುತ್ತಾರೆ. ಈ ನಾಲ್ಕರಲ್ಲಿ ಯಾವುದೂ ಪೂರ್ತಿ ತಪ್ಪಲ್ಲ. ಆದರೆ ಯಾರ ಮಾತು ಯಾವ ಗಾಡಿಗೆ ಹೊಂದುತ್ತದೆ ಅನ್ನುವುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ.

ಹೆಚ್ಚಿನವರು ಬಿಡಿಭಾಗದ ಬೆಲೆ ನೋಡಿ ತೀರ್ಮಾನಿಸುತ್ತಾರೆ. ನನ್ನ ಪ್ರಕಾರ ಮೊದಲು ನೋಡಬೇಕಾದ್ದು, ಸೆಲ್ಫ್ ಮತ್ತೆ ಕೈಕೊಟ್ಟರೆ ಗಾಡಿ ಎಲ್ಲಿ ನಿಲ್ಲುತ್ತದೆ, ಆಗ ಜೊತೆಯಲ್ಲಿ ಯಾರಿರುತ್ತಾರೆ ಅನ್ನುವುದು. ಜಯನಗರದಿಂದ ಮಲ್ಲೇಶ್ವರಕ್ಕೆ ಹೋಗಿ ಬರುವ ಗಾಡಿಗೂ ವಾರಕ್ಕೊಮ್ಮೆ ಶಿರಾಡಿ ಘಾಟಿ ಇಳಿಯುವ ಗಾಡಿಗೂ ಒಂದೇ ಉತ್ತರ ಹೊಂದುವುದಿಲ್ಲ.

ತಪ್ಪು ಮೋಟರಿನದ್ದೇ ಹೌದಾ?

ಹೊಸ ಮೋಟರ್ ಹಾಕಿಸಿದ ಮೇಲೂ ಮರುದಿನ ಬೆಳಿಗ್ಗೆ ಅದೇ "ಟಕ್" ಸದ್ದು ಬಂದರೆ, ಕೊಟ್ಟ ದುಡ್ಡೆಲ್ಲ ದಂಡ. ಸಣ್ಣ ಪೆಟ್ರೋಲ್ ಕಾರಿನ ಸೆಲ್ಫ್ ಕೂಡ ಎಂಜಿನ್ ತಿರುಗಿಸುವಾಗ ನೂರು ಆಂಪಿಯರ್‌ಗಿಂತ ಹೆಚ್ಚು ಕರೆಂಟ್ ಎಳೆಯುತ್ತದೆ. ಡೀಸೆಲ್ ಆದರೆ ಇನ್ನೂರು ದಾಟುವುದು ಮಾಮೂಲು. ಅಷ್ಟು ಕರೆಂಟ್ ಹರಿಯುವ ದಾರಿಯಲ್ಲಿ ಬ್ಯಾಟರಿ ಟರ್ಮಿನಲ್ ಸ್ವಲ್ಪ ಸಡಿಲವಿದ್ದರೂ, ಅರ್ಥ್ ವೈರಿನ ಬೋಲ್ಟ್ ಕೆಳಗೆ ತುಕ್ಕು ಕೂತಿದ್ದರೂ ಚೆನ್ನಾಗಿರುವ ಮೋಟರೇ ಕೆಟ್ಟುಹೋದಂತೆ ಕಾಣುತ್ತದೆ.

ಒಂದು ಸಾಧಾರಣ ಮಲ್ಟಿಮೀಟರ್ ಇದ್ದರೆ ಹತ್ತು ನಿಮಿಷದ ಕೆಲಸ. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು. 12.2 ಬಂದರೆ ಅರ್ಧ ಖಾಲಿ ಅಂತ ಅರ್ಥ. ಯಾರಾದರೂ ಕೀ ತಿರುಗಿಸಿ ಎಂಜಿನ್ ಸುತ್ತುತ್ತಿರುವಾಗ ವೋಲ್ಟೇಜ್ 9.6ಕ್ಕಿಂತ ಕೆಳಗೆ ಬಿದ್ದರೆ, ಬ್ಯಾಟರಿಯನ್ನು ಲೋಡ್ ಟೆಸ್ಟ್ (ಹೊರೆ ಕೊಟ್ಟು ಪರೀಕ್ಷೆ) ಮಾಡಿಸದೆ ಮೋಟರ್ ಬಿಚ್ಚಿಸಬೇಡಿ. ಆಮೇಲೆ ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್ ಮೇಲೂ ಇನ್ನೊಂದನ್ನು ಎಂಜಿನ್‌ನ ಬರಿ ಲೋಹದ ಮೇಲೂ ಒತ್ತಿ ಹಿಡಿದು ಮತ್ತೆ ಸೆಲ್ಫ್ ಹೊಡೆಸಿ. ಕಾಲು ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥಿಂಗ್ ಸರಿಯಿಲ್ಲ. ಉಡುಪಿ, ಮಂಗಳೂರು, ಕಾರವಾರದ ಕಡೆಯ ಗಾಡಿಗಳಲ್ಲಿ ಇದನ್ನು ತಪ್ಪದೆ ನೋಡಿ, ಕಡಲ ಗಾಳಿಯ ಉಪ್ಪು ಅರ್ಥ್ ಬೋಲ್ಟ್‌ಗಳನ್ನು ಬಲುಬೇಗ ತಿನ್ನುತ್ತದೆ.

ಮೀಟರ್ ಇಲ್ಲದವರಿಗೆ ಕಿವಿಯೇ ಸಾಕಷ್ಟು ಹೇಳುತ್ತದೆ. ಕೀ ತಿರುಗಿಸಿದಾಗ ಟಕಟಕ ಅಂತ ಬೇಗಬೇಗ ಬಡಿದುಕೊಂಡರೆ ಬ್ಯಾಟರಿ ಇಳಿದಿದೆ. ಹೆಡ್‌ಲೈಟ್ ಚೆನ್ನಾಗಿ ಉರಿಯುತ್ತಿದ್ದು, ಒಂದೇ ಒಂದು ಗಟ್ಟಿ "ಟಕ್" ಕೇಳಿ ಮುಂದೇನೂ ಆಗದಿದ್ದರೆ ಸೊಲೆನಾಯ್ಡ್ (ಮೋಟರಿಗೆ ಕರೆಂಟ್ ಬಿಡುವ ಸ್ವಿಚ್) ಒಳಗಿನ ತಾಮ್ರದ ಕಾಂಟ್ಯಾಕ್ಟ್ ಸುಟ್ಟಿದೆ, ಇಲ್ಲವೇ ಮೋಟರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಶ್ ಸವೆದಿದೆ. ಮೋಟರ್ "ವ್ರೂಂ" ಅಂತ ಖಾಲಿ ತಿರುಗಿ ಎಂಜಿನ್ ಅಲುಗಾಡದಿದ್ದರೆ ಬೆಂಡಿಕ್ಸ್, ಅಂದರೆ ಮೋಟರನ್ನು ಎಂಜಿನ್ನಿಗೆ ಕೂಡಿಸುವ ಹಲ್ಲಿನ ಗಾಲಿ, ಅದರ ಕ್ಲಚ್ ಜಾರುತ್ತಿದೆ. ಕರಕರ ಅಂತ ಹಲ್ಲು ಉಜ್ಜಿದ ಸದ್ದು ಬಂದರೆ ಬೆಂಡಿಕ್ಸಿನ ಹಲ್ಲೋ, ಅದು ಕಚ್ಚುವ ಎಂಜಿನ್ ಫ್ಲೈವೀಲಿನ ರಿಂಗ್ ಗೇರೋ ಸವೆದಿದೆ. ಕೀ ಬಿಟ್ಟ ಮೇಲೂ ಮೋಟರ್ ತಿರುಗುತ್ತಲೇ ಇದ್ದರೆ ಕಾಂಟ್ಯಾಕ್ಟ್ ಅಂಟಿಕೊಂಡಿದೆ, ಹಾಗಾದಾಗ ತಡಮಾಡದೆ ಬ್ಯಾಟರಿ ಟರ್ಮಿನಲ್ ಬಿಚ್ಚಬೇಕು.

ಏನೂ ಸದ್ದೇ ಇಲ್ಲವೆಂದರೆ ಮೋಟರಿನತ್ತ ಹೋಗುವ ಮುಂಚೆ ಫ್ಯೂಸ್, ಸ್ಟಾರ್ಟರ್ ರಿಲೇ, ಕ್ಲಚ್ ಪೆಡಲಿನ ಸ್ವಿಚ್, ಆಟೋಮ್ಯಾಟಿಕ್ ಆದರೆ ಗೇರ್ ಲಿವರ್‌ನ ನ್ಯೂಟ್ರಲ್ ಸ್ವಿಚ್ ನೋಡಿಸಿ. ಕೆಲವೇ ನೂರು ರೂಪಾಯಿಯ ರಿಲೇಗಾಗಿ ಸಾವಿರಗಟ್ಟಲೆ ಖರ್ಚು ಮಾಡಿಸುವವರಿದ್ದಾರೆ.

ಸುತ್ತಿಗೆಯಿಂದ ಮೋಟರಿಗೆ ಎರಡು ಏಟು ಕೊಟ್ಟರೆ ಗಾಡಿ ಸ್ಟಾರ್ಟ್ ಆಗುವುದನ್ನು ನೋಡಿರುತ್ತೀರಿ. ಸವೆದ ಕಾರ್ಬನ್ ಆ ಅದುರಿಗೆ ಜರುಗಿ ಮತ್ತೆ ತಾಗಿಕೊಳ್ಳುತ್ತದೆ, ಅಷ್ಟೇ. ಒಳಗೆ ತಂತಿ ಸುರುಳಿ (ಫೀಲ್ಡ್ ಕಾಯಿಲ್) ಇದ್ದ ಹಳೆಯ ಮೋಟರುಗಳಿಗೆ ಅದು ನಡೆಯುತ್ತಿತ್ತು. ಈಗಿನ ಸಣ್ಣ ಕಾರುಗಳ ಮೋಟರಿನಲ್ಲಿ ಕಾಯಿಲ್ ಬದಲು ಒಳಗೋಡೆಗೆ ಪರ್ಮನೆಂಟ್ ಮ್ಯಾಗ್ನೆಟ್ ಕೂರಿಸಿರುತ್ತಾರೆ. ಅದು ಪಿಂಗಾಣಿಯ ಹಾಗೆ ಬಿರುಕು ಬಿಡುವ ವಸ್ತು. ಮ್ಯಾಗ್ನೆಟ್ ಒಡೆದರೆ ಐನೂರು ರೂಪಾಯಿಯಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಪೂರಾ ಮೋಟರೇ ಬೇಕಾಗುತ್ತದೆ. ಹೊಡೆಯಲೇಬೇಕಾದರೆ ಸೊಲೆನಾಯ್ಡ್ ಮೇಲೆ ಮೆಲ್ಲಗೆ ತಟ್ಟಿ, ಅದೂ ಗ್ಯಾರೇಜ್ ತಲುಪುವುದಕ್ಕೆ ಮಾತ್ರ.

ತೂಗಿ ನೋಡಲು ಅಳತೆಗಳು

ಮೊದಲನೆಯದನ್ನು ಹೇಳಿದ್ದೇನೆ: ಗಾಡಿ ನಿಂತರೆ ಕಷ್ಟ ಎಷ್ಟು? ಇದರ ಜೊತೆಗೇ ಬರುವ ಪ್ರಶ್ನೆ, ನಿಮ್ಮದು ಗೇರ್ ಗಾಡಿಯೋ ಆಟೋಮ್ಯಾಟಿಕ್ಕೋ ಅನ್ನುವುದು. ಗೇರ್ ಗಾಡಿಯಾದರೆ ಇಳಿಜಾರಿನಲ್ಲಿ ತಳ್ಳಿ, ಸೆಕೆಂಡ್ ಗೇರಿನಲ್ಲಿ ಕ್ಲಚ್ ಬಿಟ್ಟು ಮನೆ ಸೇರಬಹುದು. ಆಟೋಮ್ಯಾಟಿಕ್‌ಗೆ ಆ ದಾರಿ ಇಲ್ಲ, ಟೋಯಿಂಗ್ ಗಾಡಿಯನ್ನೇ ಕರೆಸಬೇಕು. ಹಾಗಾಗಿ ಆಟೋಮ್ಯಾಟಿಕ್ ಇರುವವರು ಅಗ್ಗದ ಆಯ್ಕೆಗೆ ಕೈ ಹಾಕದಿರುವುದೇ ಒಳ್ಳೆಯದು.

ಎರಡನೆಯದು ಬಿಚ್ಚುವ ಕೂಲಿ. ಕೆಲವು ಕಾರುಗಳಲ್ಲಿ ಮೋಟರ್ ಬಾನೆಟ್ ತೆಗೆದರೆ ಕೈಗೆ ಸಿಗುತ್ತದೆ, ಎರಡು ಬೋಲ್ಟ್ ತೆಗೆದರೆ ಮುಗಿಯಿತು. ಇನ್ನು ಕೆಲವದರಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡ್ ಕೆಳಗೆ ಅಡಗಿರುತ್ತದೆ, ಇಲ್ಲವೇ ಗಾಡಿಯನ್ನು ಲಿಫ್ಟ್ ಮೇಲೆ ಏರಿಸಿ ಕೆಳಗಿನಿಂದ ತೆಗೆಯಬೇಕು. ಸುಲಭವಾಗಿ ಬಿಚ್ಚಬಹುದಾದ ಗಾಡಿಗೆ ರಿಪೇರಿ ಮಾಡಿಸಿ ನೋಡುವುದರಲ್ಲಿ ನಷ್ಟವಿಲ್ಲ, ಸರಿಹೋಗದಿದ್ದರೆ ಇನ್ನೊಮ್ಮೆ ಬಿಚ್ಚಿದರಾಯಿತು. ಬಿಚ್ಚಲು ಅರ್ಧ ದಿನ ಹಿಡಿಯುವ ಗಾಡಿಗೆ ಎರಡೆರಡು ಸಲ ಕೂಲಿ ಕೊಡುವುದಕ್ಕಿಂತ ಒಂದೇ ಸಲ ಬಾಳಿಕೆ ಬರುವುದನ್ನು ಹಾಕಿಸುವುದು ಲಾಭ.

ಇನ್ನು ಗಾಡಿಯನ್ನು ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ, ಹತ್ತಿರದಲ್ಲಿ ನಂಬುವಂಥ ಆಟೋ ಎಲೆಕ್ಟ್ರಿಷಿಯನ್ ಇದ್ದಾರಾ, ಕೊಡುವ ವಾರಂಟಿ ಬಾಯಿಮಾತೋ ಬಿಲ್ಲಿನ ಮೇಲೋ ಅನ್ನುವುದನ್ನೂ ನೋಡಿ. ಗಾಡಿಗೆ ಕಂಪನಿ ವಾರಂಟಿ ಇನ್ನೂ ಇದ್ದರೆ ಈ ಲೆಕ್ಕವೇ ಬೇಡ. ಹೊರಗೆ ಬಿಚ್ಚಿಸದೆ ನೇರ ಸರ್ವಿಸ್ ಸೆಂಟರಿಗೆ ಒಯ್ಯಿರಿ.

ಹಳೆಯದನ್ನೇ ರಿಪೇರಿ ಮಾಡಿಸುವುದು

ನನಗೆ ಇದೇ ಮೊದಲ ಆಯ್ಕೆ, ಆದರೆ ಒಂದು ಷರತ್ತಿದೆ: ಮೋಟರ್ ಬಿಚ್ಚುವಾಗ ನೀವು ಪಕ್ಕದಲ್ಲಿ ನಿಂತಿರಬೇಕು. ಒಳಗೆ ನೋಡಿದ ಮೇಲೆ ಯಾರ ಮಾತನ್ನೂ ಕುರುಡಾಗಿ ನಂಬಬೇಕಾಗಿಲ್ಲ.

ಹಿಂದಿನ ಮುಚ್ಚಳ ತೆಗೆದ ಕೂಡಲೇ ಮಸಿಯಂಥ ಕರಿಪುಡಿ ಉದುರುತ್ತದೆ, ಅದು ಸವೆದ ಕಾರ್ಬನ್. ಸ್ಪ್ರಿಂಗ್ ಒತ್ತಿ ಬ್ರಶ್ ಹೊರತೆಗೆದು ಹೊಸದರ ಪಕ್ಕ ಇಡಲು ಹೇಳಿ. ಹೊಸದರ ಅರ್ಧಕ್ಕಿಂತ ಗಿಡ್ಡವಾಗಿದ್ದರೆ ಬದಲಿಸುವ ಕಾಲ ಬಂದಿದೆ. ಆಮೇಲೆ ಆರ್ಮೇಚರ್ (ಮೋಟರಿನ ತಿರುಗುವ ಭಾಗ) ಕೈಗೆತ್ತಿಕೊಂಡು ಕಮ್ಯುಟೇಟರ್, ಅಂದರೆ ಅದರ ತುದಿಯಲ್ಲಿ ಬ್ರಶ್ ಉಜ್ಜುವ ತಾಮ್ರದ ಭಾಗ, ನೋಡಿ. ತಾಮ್ರದ ಪಟ್ಟಿಗಳು ಕಂದು ಬಣ್ಣದಲ್ಲಿ ನಯವಾಗಿದ್ದರೆ ಒಳ್ಳೆಯದು. ಕಪ್ಪಾಗಿದ್ದರೆ ನಯವಾದ ಸ್ಯಾಂಡ್ ಪೇಪರಿನಲ್ಲಿ ಉಜ್ಜಿದರೆ ಹೊಳಪು ಬರುತ್ತದೆ. ಪಟ್ಟಿಗಳ ಮೇಲೆ ಬ್ರಶ್ ಓಡಿದ ಜಾಗ ಕಾಲುವೆಯ ಹಾಗೆ ತಗ್ಗಾಗಿದ್ದರೆ ಲೇತ್‌ಗೆ ಕೊಟ್ಟು ಟರ್ನಿಂಗ್ ಮಾಡಿಸಬೇಕು. ಅದಾದ ಮೇಲೆ ಪಟ್ಟಿಗಳ ನಡುವೆ ಕರೆಂಟ್ ತಡೆಯುವ ಮೈಕಾ ತಾಮ್ರದ ಮಟ್ಟಕ್ಕೇ ನಿಲ್ಲುತ್ತದೆ. ಕೆಲಸ ಬಲ್ಲವರು ಮುರಿದ ಹ್ಯಾಕ್ಸಾ ಬ್ಲೇಡಿನ ತುಂಡು ಹಿಡಿದು ಒಂದೊಂದೇ ಸಂದಿಯನ್ನು ಕೆರೆದು ತಗ್ಗಿಸುತ್ತಾರೆ. ಹತ್ತಿಪ್ಪತ್ತು ನಿಮಿಷ ತಲೆ ಬಗ್ಗಿಸಿ ಮಾಡುವ ಈ ಕೆಲಸವನ್ನು ಯಾರಾದರೂ ಹೇಳದೆಯೇ ಮಾಡಿದರೆ, ಅವರ ಫೋನ್ ನಂಬರ್ ಜೋಪಾನವಾಗಿಟ್ಟುಕೊಳ್ಳಿ.

ಬುಷ್ ಕಡೆಗೂ ಕಣ್ಣಿರಲಿ. ಆರ್ಮೇಚರಿನ ಎರಡು ತುದಿ ಕೂರುವ ಕಂಚಿನ ಬುಷ್ ಸಡಿಲಾದರೆ ಆರ್ಮೇಚರ್ ವಾಲಿಕೊಂಡು ಗೋಡೆಗೆ ಉಜ್ಜುತ್ತದೆ. ಮೈಮೇಲೆ ಉಜ್ಜಿದ ಹೊಳೆಯುವ ಗೆರೆ ಕಂಡರೆ ಅದೇ ಗುರುತು. ಬರಿ ಕಾರ್ಬನ್ ಹಾಕಿ ಬುಷ್ ಬಿಟ್ಟ ಮೋಟರ್ ಕೆಲವೇ ತಿಂಗಳಲ್ಲಿ ಮತ್ತೆ ಎಳೆದಾಡುತ್ತದೆ. ಹೊಸ ಬುಷ್ ಕೂರಿಸುವ ಮುಂಚೆ ಎಣ್ಣೆಯಲ್ಲಿ ನೆನೆಸಬೇಕು. ಬೆಂಡಿಕ್ಸ್ ಹಲ್ಲನ್ನು ಬೆರಳಿನಿಂದ ತಿರುಗಿಸಿ ನೋಡಿ: ಒಂದು ಕಡೆ ಸಲೀಸಾಗಿ ತಿರುಗಿ ಇನ್ನೊಂದು ಕಡೆ ಗಟ್ಟಿಯಾಗಿ ಹಿಡಿಯಬೇಕು. ಎರಡೂ ಕಡೆ ತಿರುಗಿದರೆ ಅದರ ಆಯಸ್ಸು ಮುಗಿದಿದೆ.

ಕಾರ್ಬನ್, ಬುಷ್, ಸರ್ವಿಸ್ ಸೇರಿ ಸಣ್ಣ ಪೆಟ್ರೋಲ್ ಗಾಡಿಗೆ ಸುಮಾರು ಒಂದರಿಂದ ಎರಡು ಸಾವಿರ ರೂಪಾಯಿ ಅಂದುಕೊಳ್ಳಿ, ಊರಿಂದ ಊರಿಗೆ ಹೆಚ್ಚುಕಡಿಮೆ ಇದ್ದೇ ಇದೆ. ಸೊಲೆನಾಯ್ಡ್ ಅಥವಾ ಬೆಂಡಿಕ್ಸ್ ಸೇರಿದರೆ ಇನ್ನೊಂದಿಷ್ಟು. ಆರ್ಮೇಚರ್ ಸುಟ್ಟು ವಾಸನೆ ಬಂದಿದೆ ಅಂದರೆ ಅಲ್ಲಿಗೆ ನಿಲ್ಲಿಸಿ. ರೀವೈಂಡಿಂಗ್ ಮಾಡಿಸಿದ, ಅಂದರೆ ತಂತಿ ಹೊಸದಾಗಿ ಸುತ್ತಿಸಿದ, ಆರ್ಮೇಚರ್ ಬಾಳಿಕೆ ಮಾಡಿದವರ ಕೈಚಳಕದ ಮೇಲೆ ನಿಂತಿದೆ, ಕಾರಿನ ಮಟ್ಟಿಗೆ ನಾನು ಅದನ್ನು ಹೇಳುವುದಿಲ್ಲ. ಒಟ್ಟು ರಿಪೇರಿ ಖರ್ಚು ಹೊಸ ಮೋಟರಿನ ಅರ್ಧ ಬೆಲೆ ದಾಟಿದರೆ ಹೊಸದೇ ಸರಿ.

ರೀಕಂಡೀಷನ್ ಪೀಸ್, ಹಳೆಯದು ಕೊಟ್ಟು ಬದಲಿ

ಇದರ ದೊಡ್ಡ ಅನುಕೂಲ ಸಮಯ. ಬಿಚ್ಚಿದ ತಕ್ಷಣ ಇನ್ನೊಂದನ್ನು ಕೂರಿಸಿ ಒಂದೆರಡು ಗಂಟೆಯಲ್ಲಿ ಗಾಡಿ ಹೊರಡುತ್ತದೆ. ಬಾಡಿಗೆಗೆ ಓಡುವ ಗಾಡಿಯವರು ಇದನ್ನೇ ಇಷ್ಟಪಡುವುದು ಅದಕ್ಕೇ, ಒಂದು ದಿನ ನಿಂತರೆ ಆ ದಿನದ ದುಡಿಮೆ ಹೋಯಿತು. ಬೆಲೆ ರಿಪೇರಿಗೂ ಹೊಸದಕ್ಕೂ ನಡುವೆ.

ತೊಂದರೆ ಏನೆಂದರೆ "ರೀಕಂಡೀಷನ್" ಅನ್ನುವ ಹೆಸರಿನಲ್ಲಿ ಏನು ಬೇಕಾದರೂ ಬರಬಹುದು. ಒಬ್ಬರು ಬುಷ್, ಬ್ರಶ್, ಕಾಂಟ್ಯಾಕ್ಟ್, ಬೆಂಡಿಕ್ಸ್ ಎಲ್ಲ ಬದಲಿಸಿರುತ್ತಾರೆ. ಇನ್ನೊಬ್ಬರು ಪೆಟ್ರೋಲಿನಲ್ಲಿ ತೊಳೆದು ಸಿಲ್ವರ್ ಪೇಂಟ್ ಹೊಡೆದಿರುತ್ತಾರೆ. ಏನೇನು ಹೊಸದು ಹಾಕಿದ್ದೀರಿ ಅಂತ ನೇರವಾಗಿ ಕೇಳಿ, ಅದನ್ನು ಬಿಲ್ಲಿನ ಹಿಂದೆ ಬರೆಸಿ. ಬೆಂಚ್ ಮೇಲೆ ಬ್ಯಾಟರಿ ಕೊಟ್ಟು ತಿರುಗಿಸಿ ತೋರಿಸಲು ಹೇಳಿ. ಬೆಂಡಿಕ್ಸ್ ಚಟ್ಟನೆ ಮುಂದೆ ಬಂದು ಮೋಟರ್ ಒಂದೇ ವೇಗದಲ್ಲಿ ತಿರುಗಬೇಕು, ಬ್ರಶ್ ಕಡೆ ದೊಡ್ಡ ಕಿಡಿ ಹಾರಬಾರದು. ಬೆಂಚ್ ಮೇಲೆ ತಿರುಗಿದ ಮಾತ್ರಕ್ಕೆ ಎಂಜಿನ್ ಎತ್ತುತ್ತದೆ ಅನ್ನುವ ಖಾತ್ರಿ ಇಲ್ಲ. ಹಾಗಿದ್ದರೂ ಈ ಪರೀಕ್ಷೆಗೇ ಒಪ್ಪದವರ ಹತ್ತಿರ ತೆಗೆದುಕೊಳ್ಳಬೇಡಿ.

ಇನ್ನೊಂದು ಮಾತು. ನಿಮ್ಮ ಹಳೆಯ ಮೋಟರ್ ಗಾಡಿಯ ಜೊತೆ ಕಂಪನಿಯಿಂದಲೇ ಬಂದಿದ್ದು, ಆರ್ಮೇಚರ್ ಚೆನ್ನಾಗಿದ್ದರೆ, ಅದನ್ನು ಬದಲಿಗೆ ಕೊಟ್ಟು ಯಾವುದೋ ಗಾಡಿಯಿಂದ ಬಂದದ್ದನ್ನು ತರುವುದರಲ್ಲಿ ಅರ್ಥವಿಲ್ಲ. ಅದನ್ನೇ ರಿಪೇರಿ ಮಾಡಿಸಿ.

ಹೊಸದು, ಆದರೆ ಯಾವ ಹೊಸದು?

ಶೋರೂಮಿನ ಡಬ್ಬಿಯಲ್ಲಿ ಬರುವ ಮೋಟರನ್ನು ಕಾರು ಕಂಪನಿಯೇ ತಯಾರಿಸುವುದು ಅಪರೂಪ. ಚೆನ್ನೈನ ಲೂಕಾಸ್ ಟಿವಿಎಸ್, ಡೆನ್ಸೊ, ವ್ಯಾಲಿಯೊ, ಮಿತ್ಸುಬಿಷಿ ಎಲೆಕ್ಟ್ರಿಕ್ ಇಂಥವರು ಮಾಡಿ ಕೊಡುತ್ತಾರೆ. ಬಾಷ್ ಕಂಪನಿ ತನ್ನ ಸ್ಟಾರ್ಟರ್ ಮತ್ತು ಆಲ್ಟರ್ನೇಟರ್ ವ್ಯವಹಾರವನ್ನು 2018ರಲ್ಲಿ ಮಾರಿತು, ಅದೀಗ ಎಸ್‌ಇಜಿ ಆಟೋಮೋಟಿವ್ ಹೆಸರಿನಲ್ಲಿದೆ. ಹಳೆಯ ಮೋಟರಿನ ಮೈಮೇಲಿನ ಲೇಬಲ್ ಒರೆಸಿ ನೋಡಿದರೆ ತಯಾರಕರ ಹೆಸರು, ನಂಬರ್ ಸಿಗುತ್ತದೆ. ಅದನ್ನು ಫೋಟೊ ತೆಗೆದುಕೊಂಡು ಬೆಂಗಳೂರಿನ ಜೆ.ಸಿ. ರಸ್ತೆಯಂಥ ಸ್ಪೇರ್ಸ್ ಬೀದಿಯಲ್ಲೋ ಅದೇ ಕಂಪನಿಯ ಡೀಲರ್ ಹತ್ತಿರವೋ ವಿಚಾರಿಸಿದರೆ, ಅದೇ ಮೋಟರ್ ಕಾರು ಕಂಪನಿಯ ಡಬ್ಬಿ ಇಲ್ಲದೆ ಕಡಿಮೆ ದರಕ್ಕೆ ಸಿಗುವ ಸಾಧ್ಯತೆ ಇದೆ. ಹೊಸದು ಬೇಕೆನ್ನುವ ಬಹುತೇಕರಿಗೆ ನಾನು ಹೇಳುವುದು ಇದನ್ನೇ. ಸಣ್ಣ ಪೆಟ್ರೋಲ್ ಗಾಡಿಗೆ ನಾಲ್ಕರಿಂದ ಎಂಟು ಸಾವಿರದ ಆಸುಪಾಸು ಹಿಡಿಯಿರಿ, ಡೀಸೆಲ್ ಎಸ್‌ಯುವಿಗೆ ಅದಕ್ಕಿಂತ ಸಾಕಷ್ಟು ಹೆಚ್ಚು. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳಿಗೆಲ್ಲ ಒಂದೇ ದರ, ಶೇ 18 ಜಿಎಸ್‌ಟಿ. ಹಳೆಯ ಶೇ 28ರ ಲೆಕ್ಕದಲ್ಲಿ ದರ ಹೇಳಿದರೆ ಒಪ್ಪಬೇಡಿ. ಬಿಲ್ ತಪ್ಪದೆ ತೆಗೆದುಕೊಳ್ಳಿ, ಬಿಲ್ ಇಲ್ಲದಿದ್ದರೆ ವಾರಂಟಿಯೂ ಇಲ್ಲ.

ಹೆಸರಿಲ್ಲದ ಅಗ್ಗದ ಹೊಸ ಮೋಟರುಗಳಿಂದ ದೂರ ಇರಿ. ಅವಕ್ಕಿಂತ ನಿಮ್ಮದೇ ಹಳೆಯ ಮೋಟರ್‌ಗೆ ಒಳ್ಳೆಯ ಕಾರ್ಬನ್ ಹಾಕಿಸುವುದು ಎಷ್ಟೋ ವಾಸಿ. ಹಲ್ಲಿನ ಲೆಕ್ಕದಲ್ಲೋ ಅಳತೆಯಲ್ಲೋ ಸ್ವಲ್ಪ ವ್ಯತ್ಯಾಸವಿದ್ದರೂ ಬೆಂಡಿಕ್ಸ್ ರಿಂಗ್ ಗೇರನ್ನು ದಿನಾ ಒಂದಿಷ್ಟು ತಿನ್ನುತ್ತದೆ. ರಿಂಗ್ ಗೇರ್ ಬದಲಿಸಬೇಕಾದರೆ ಗೇರ್‌ಬಾಕ್ಸ್ ಇಳಿಸಬೇಕು. ಆ ಖರ್ಚಿನ ಮುಂದೆ ಮೋಟರಿನಲ್ಲಿ ಉಳಿಸಿದ್ದು ಏನೂ ಅಲ್ಲ.

ಸಿಗ್ನಲ್‌ನಲ್ಲಿ ತಾನಾಗಿಯೇ ಎಂಜಿನ್ ನಿಂತು ಹೊರಡುವಾಗ ಸ್ಟಾರ್ಟ್ ಆಗುವ ಗಾಡಿಯಾದರೆ ಇನ್ನೂ ಎಚ್ಚರ ಬೇಕು. ಅವುಗಳಲ್ಲಿ ಕೆಲವಕ್ಕೆ ಬೇರೆಯೇ ಗಟ್ಟಿ ಮೋಟರ್ ಇರುತ್ತದೆ. ಸಾಧಾರಣ ಮಾಡೆಲಿನದು ಬೋಲ್ಟಿಗೆ ಸರಿಹೊಂದಿದರೂ ಅಷ್ಟು ಸಲ ಸ್ಟಾರ್ಟ್ ಮಾಡುವ ತಾಕತ್ತು ಅದಕ್ಕಿರುವುದಿಲ್ಲ. ಮಾರುತಿಯ ಸ್ಮಾರ್ಟ್ ಹೈಬ್ರಿಡ್ ಗಾಡಿಗಳಲ್ಲಿ ಸಿಗ್ನಲ್‌ನಲ್ಲಿ ಎಂಜಿನ್ ಎಬ್ಬಿಸುವುದು ಬೆಲ್ಟಿಗೆ ಜೋಡಿಸಿದ, ಸ್ಟಾರ್ಟರ್ ಜನರೇಟರ್ ಎರಡೂ ಆದ ಯಂತ್ರವಾದ ಐಎಸ್‌ಜಿ, ಬೆಳಗಿನ ಮೊದಲ ಸ್ಟಾರ್ಟ್ ಮಾತ್ರ ಮಾಮೂಲಿ ಸೆಲ್ಫಿನದು. ದೂರು ಯಾವುದರದ್ದು ಅಂತ ತಿಳಿಯದೆ ಬಿಡಿಭಾಗ ತರಿಸಬೇಡಿ. ಪಾರ್ಟ್ ನಂಬರ್ ಹೊಂದಿಸಿಯೇ ಕೊಳ್ಳಬೇಕಾದ ಗಾಡಿಗಳಿವು.

ಗುಜರಿಯ ಸೆಕೆಂಡ್ ಹ್ಯಾಂಡ್

ಬೆಂಗಳೂರಿನಲ್ಲಿ ಶಿವಾಜಿನಗರದ ಕಡೆ ಹೋದರೆ ಅಪಘಾತದ ಗಾಡಿಗಳಿಂದ ಬಿಚ್ಚಿದ ಮೋಟರುಗಳು ಸಿಗುತ್ತವೆ. ಮಾಡೆಲ್ ನಿಂತುಹೋಗಿ ಹೊಸ ಬಿಡಿಭಾಗ ಬರದ ಗಾಡಿಗೆ ಇದು ನಿಜವಾಗಿಯೂ ಉಪಕಾರಿ, ಕೆಲವೊಮ್ಮೆ ಬೇರೆ ದಾರಿಯೇ ಇರುವುದಿಲ್ಲ. ಆದರೆ ತಂದದ್ದನ್ನು ಹಾಗೇ ಗಾಡಿಗೆ ಏರಿಸಬೇಡಿ. ಬಿಚ್ಚಿಸಿ, ಕಾರ್ಬನ್, ಬುಷ್ ನೋಡಿಸಿ ಆಮೇಲೆ ಹಾಕಿಸಿ. ಆ ಖರ್ಚು ಸೇರಿಸಿದರೆ ಅದು ರಿಪೇರಿಗಿಂತ ಅಗ್ಗವೇನಲ್ಲ. ಮಾರುಕಟ್ಟೆಯಲ್ಲಿ ಹೊಸದು ಸಿಗುವ ಗಾಡಿಗೆ ನಾನಂತೂ ಇದನ್ನು ಹೇಳುವುದಿಲ್ಲ.

ಯಾರಿಗೆ ಯಾವುದು

ಊರೊಳಗೆ ಓಡಾಡುವ, ಏಳೆಂಟು ವರ್ಷದ ಗೇರ್ ಗಾಡಿ, ಆರ್ಮೇಚರ್ ಚೆನ್ನಾಗಿದೆ, ಎಲೆಕ್ಟ್ರಿಷಿಯನ್ ಬಲ್ಲವರು: ಕಣ್ಣುಮುಚ್ಚಿ ರಿಪೇರಿ ಮಾಡಿಸಿ. ಹದಿನೈದು ವರ್ಷ ಮುಗಿಯುತ್ತಾ ಬಂದು, ಆರ್‌ಸಿ ನವೀಕರಿಸುವುದೋ ಮಾರುವುದೋ ಅನ್ನುವ ಲೆಕ್ಕಾಚಾರದಲ್ಲಿರುವ ಗಾಡಿಗೂ ಅದೇ ಸಾಕು.

ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆ ತೋಟಕ್ಕೆ ಹೋಗಿಬರುವವರು, ರಾತ್ರಿ ಪಾಳಿಯಿಂದ ಒಬ್ಬರೇ ಮನೆಗೆ ಬರುವವರು, ಮನೆಯಲ್ಲಿ ಡಯಾಲಿಸಿಸ್‌ಗೋ ಹೆರಿಗೆಗೋ ಆಸ್ಪತ್ರೆಗೆ ಹೊರಡಬೇಕಾದವರು ಇರುವ ಕುಟುಂಬ, ಆಟೋಮ್ಯಾಟಿಕ್ ಗಾಡಿಯವರು: ಮೂಲ ತಯಾರಕರ ಹೊಸ ಮೋಟರ್ ಹಾಕಿಸಿ. ಇಲ್ಲಿ ಎರಡು ಮೂರು ಸಾವಿರ ಉಳಿಸುವುದು ಬೇಡ. ಹಳೆಯ ಮೋಟರನ್ನು ಎಲೆಕ್ಟ್ರಿಷಿಯನ್‌ಗೆ ಬಿಟ್ಟುಕೊಡದೆ ಮನೆಗೆ ತಂದು, ಬಿಡುವಿದ್ದಾಗ ರಿಪೇರಿ ಮಾಡಿಸಿ ಇಟ್ಟುಕೊಂಡರೆ ಮುಂದೆ ಕೆಲಸಕ್ಕೆ ಬರುತ್ತದೆ.

ಬಾಡಿಗೆ ಗಾಡಿ, ದಿನಕ್ಕೆ ಹತ್ತಾರು ಸಲ ಸ್ಟಾರ್ಟ್: ನಂಬಿಗಸ್ತರ ಹತ್ತಿರ ರೀಕಂಡೀಷನ್, ಆರು ತಿಂಗಳ ವಾರಂಟಿ ಬರಹದಲ್ಲಿ.

ಕೈಯಲ್ಲಿ ದುಡ್ಡೇ ಇಲ್ಲದ ತಿಂಗಳಾದರೆ ಬರಿ ಕಾರ್ಬನ್ ಹಾಕಿಸಿ ಓಡಿಸಿ. ಉಳಿದ ಕೆಲಸ ಬಾಕಿ ಇದೆ ಅನ್ನುವುದು ನೆನಪಿರಲಿ, ಅಲ್ಲಿಯವರೆಗೆ ದೂರದ ಪ್ರಯಾಣ ಬೇಡ.

ಹಾಕಿಸುವಾಗ, ಹಾಕಿಸಿದ ಮೇಲೆ

ಮೋಟರಿಗೆ ಬರುವ ದಪ್ಪ ವೈರಿನಲ್ಲಿ ಕೀ ಆಫ್ ಇದ್ದರೂ ಬ್ಯಾಟರಿಯ ಕರೆಂಟ್ ಸದಾ ಇರುತ್ತದೆ. ಹಾಗಾಗಿ ಬ್ಯಾಟರಿಯ ಮೈನಸ್ ಟರ್ಮಿನಲ್ ತೆಗೆಯದೆ ಯಾರೂ ಸ್ಪ್ಯಾನರ್ ಹಾಕಬಾರದು. ಅವಸರದ ಮೆಕ್ಯಾನಿಕ್ ಇದನ್ನು ಬಿಟ್ಟರೆ ನೀವೇ ಹೇಳಿ. ಮೋಟರ್ ಹೊರಬಂದಾಗ ಆ ಕಿಂಡಿಯಲ್ಲಿ ಟಾರ್ಚ್ ಬಿಟ್ಟು ರಿಂಗ್ ಗೇರ್ ಹಲ್ಲುಗಳನ್ನು ನೋಡಿ, ಎಂಜಿನ್ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಸುತ್ತಲೂ ನೋಡಿದರೆ ಇನ್ನೂ ಒಳ್ಳೆಯದು. ಮೋಟರ್ ಮೈಮೇಲೆ ಎಂಜಿನ್ ಆಯಿಲ್ ಅಂಟಿದ್ದರೆ ಆ ಸೋರಿಕೆಯನ್ನು ಮೊದಲು ನಿಲ್ಲಿಸಿ, ಎಣ್ಣೆ ಕುಡಿದ ಕಾರ್ಬನ್ ಬಾಳುವುದಿಲ್ಲ. ಮೋಟರ್ ಕೂರುವ ಜಾಗದ ಲೋಹವನ್ನು ಉಜ್ಜಿ ಸ್ವಚ್ಛ ಮಾಡಿಸಿ, ಅರ್ಥ್ ಸಿಗುವುದು ಅಲ್ಲಿಂದಲೇ.

ಆಮೇಲಿನ ಜೋಪಾನ ದೊಡ್ಡದೇನಲ್ಲ. ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬೇಡಿ. ಸ್ಟಾರ್ಟ್ ಆಗದಿದ್ದರೆ ಅರ್ಧ ನಿಮಿಷವಾದರೂ ಬಿಟ್ಟು ಮತ್ತೆ ಹೊಡೆಯಿರಿ, ಒಂದೇ ಸಮನೆ ಹೊಡೆದರೆ ಆರ್ಮೇಚರ್ ಕಾದು ಸುಡುತ್ತದೆ. ಮೂರ್ನಾಲ್ಕು ಸಲಕ್ಕೂ ಆಗಲಿಲ್ಲವೆಂದರೆ ದೋಷ ಪೆಟ್ರೋಲಿನಲ್ಲೋ ಪ್ಲಗ್‌ನಲ್ಲೋ ಇದೆ, ಮೋಟರನ್ನು ಶಿಕ್ಷಿಸಬೇಡಿ. ಇಳಿದ ಬ್ಯಾಟರಿಯಲ್ಲಿ ತಿಂಗಳುಗಟ್ಟಲೆ ಓಡಿಸುವುದರಿಂದ ಸೊಲೆನಾಯ್ಡ್ ಕಾಂಟ್ಯಾಕ್ಟ್ ಬೇಗ ಸುಡುತ್ತದೆ. ಮಳೆಗಾಲದಲ್ಲಿ ಗಾಡಿ ನೀರಿನಲ್ಲಿ ಮುಳುಗಿ ನಿಂತರೆ ಸೆಲ್ಫ್ ಹೊಡೆಯಲೇಬೇಡಿ. ಸಿಲಿಂಡರಿಗೆ ನೀರು ಹೋಗಿದ್ದರೆ ಕನೆಕ್ಟಿಂಗ್ ರಾಡ್ ಬಾಗಿ ಎಂಜಿನ್ನೇ ಹೋಗುತ್ತದೆ. ಎಳೆಸಿಕೊಂಡು ಹೋಗಿ, ಎಂಜಿನ್ ನೋಡಿದ ಮೇಲೆ ಮೋಟರನ್ನೂ ಅದೇ ವಾರ ಬಿಚ್ಚಿಸಿ ಒಣಗಿಸಿ. ತಿಂಗಳು ಬಿಟ್ಟು ನೋಡಿದರೆ ಬುಷ್, ಬೆಂಡಿಕ್ಸ್ ಎರಡೂ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತವೆ.